ದುಡ್ಡಿನ ಗುರಿಗೆ ಮನಸ್ಸೇ ಮೊದಲ ಬಂಡವಾಳ

ಮುಂಬಯಿಯ ನಮ್ಮ ಕನ್ನಡದವರ ಹತ್ತಿರ "ನಿಮಗೆ ದುಡ್ಡು ಯಾಕೆ ಬೇಕು?" ಎಂದು ಕೇಳಿ ನೋಡಿ, ಯಾರೂ ಮೊದಲು ಮೊತ್ತ ಹೇಳುವುದಿಲ್ಲ. ಕತೆ ಹೇಳುತ್ತಾರೆ. "ಪಾಲಾಗುವಾಗ ಅಪ್ಪನಿಗೆ ಕೊಟ್ಟಿಗೆ ಬದಿಯ ಜಾಗ ಕೊಟ್ಟರು ಅಕ್ಕ, ಅಲ್ಲೇ ಒಂದು ತಾರಸಿ ಮನೆ ಎಬ್ಬಿಸ್ಲಿಕ್ಕುಂಟು." "ಮಗಳ ಮದುವೆ ಊರಲ್ಲಿ ದೊಡ್ಡ ಹಾಲ್ ಹಿಡಿದೇ ಮಾಡ್ಬೇಕು, ನಮ್ಮದು ಆಗುವಾಗ ದುಡ್ಡೇ ಇರ್ಲಿಲ್ಲ." "ಜೀವಮಾನ ಇಡೀ ಟೇಬಲ್ ಒರೆಸಿದ್ದಾಯ್ತು, ಇನ್ನು ಸ್ವಂತ ಗಲ್ಲಾದಲ್ಲಿ ಕೂತ್ಕೊಳ್ಬೇಕು."

ನಾನು ಮುಲುಂಡಿನವಳು. ಮೊದಲು ಎಲ್‌ಐಸಿ ಏಜೆಂಟ್ ಮಾತ್ರ ಆಗಿದ್ದೆ, ಈಗ ಮ್ಯೂಚುವಲ್ ಫಂಡ್ ಕೂಡ ಮಾಡಿಸುತ್ತೇನೆ. ಘಾಟ್‌ಕೋಪರ್‌ನಿಂದ ಡೊಂಬಿವಲಿಯವರೆಗಿನ ಹೋಟೆಲುಗಳು, ಚಾಳುಗಳು, ಸೊಸೈಟಿಗಳು ನನ್ನ ಓಡಾಟದ ಜಾಗ. ಕಮಿಷನ್ನಿನ ಮೇಲೆ ನನ್ನ ಹೊಟ್ಟೆಪಾಡು ಎನ್ನುವುದನ್ನು ಎಲ್ಲರಿಗೂ ಮೊದಲೇ ಹೇಳಿಬಿಡುತ್ತೇನೆ. ಫಾರ್ಮಿನಲ್ಲಿ ಉದ್ದೇಶ ಎಂಬಲ್ಲಿ 'ಮನೆ', 'ಮದುವೆ', 'ನಿವೃತ್ತಿ' ಎಂದು ಬರೆಯುವವಳು ನಾನೇ. ಅದರ ಹಿಂದಿರುವ ಸಿಟ್ಟು, ಅವಮಾನ, ಅಕ್ಕರೆ, ಭಯ ಯಾವುದಕ್ಕೂ ಅಲ್ಲಿ ಜಾಗವಿಲ್ಲ. ಆದರೆ ಕಂತು ಕಟ್ಟಿಸುವುದೂ ಅವೇ, ತಪ್ಪಿಸುವುದೂ ಅವೇ.

ಹಣದ ವಿಷಯದಲ್ಲಿ ಭಾವನೆಯನ್ನು ಬದಿಗಿಡಿ ಎಂದು ಟಿವಿಯ ತಜ್ಞರು ಹೇಳುತ್ತಾರೆ. ನಾನು ಕಂಡದ್ದು ಬೇರೆ. ಗುರಿ ಇಡುವಾಗ ಮನಸ್ಸನ್ನು ಪೂರ್ತಿ ಕೇಳಬೇಕು. ಆಮೇಲೆ ತಿಂಗಳು ತಿಂಗಳು ಹಣ ಕಟ್ಟುವಾಗ ಮನಸ್ಸಿನ ಹತ್ತಿರ ಅನುಮತಿಯನ್ನೇ ಕೇಳಬಾರದು. ಹೆಚ್ಚಿನವರು ಮಾಡುವುದು ಇದಕ್ಕೆ ತಿರುಗಾಮುರುಗ: ಗುರಿಯನ್ನು ನೆರೆಮನೆಯವರನ್ನು ನೋಡಿ ಇಡುತ್ತಾರೆ, ಕಂತನ್ನು ಮನಸ್ಸು ಬಂದಾಗ ಕಟ್ಟುತ್ತಾರೆ.

ಆ ಮನೆಯಲ್ಲಿ ಯಾರಿರ್ತಾರೆ?

ಠಾಣೆಯ ಒಂದು ಹೋಟೆಲಿನಲ್ಲಿ ಕ್ಯಾಪ್ಟನ್ ಆಗಿದ್ದವರೊಬ್ಬರು ಕಾರ್ಕಳದ ಹತ್ತಿರದ ತಮ್ಮ ಹಳ್ಳಿಯಲ್ಲಿ 30 ಲಕ್ಷದ ಮನೆ ಕಟ್ಟಬೇಕೆಂದು ಬಂದರು. ಇಲ್ಲಿ ದಿವಾದಲ್ಲಿ ಒಂದು ಖೋಲಿಯಲ್ಲಿ ಬಾಡಿಗೆಗಿದ್ದರು. ತಿಂಗಳಿಗೆ 10,000 ರೂಪಾಯಿ ತೆಗೆದಿಡಬಲ್ಲೆ ಎಂದರು. ನಾನು ಲೆಕ್ಕ ಹಾಕಿದೆ. ವರ್ಷಕ್ಕೆ ಶೇ. 7ರ ಬಡ್ಡಿ ಸಿಕ್ಕಿದರೆ 15 ವರ್ಷದಲ್ಲಿ ಅದು ಸುಮಾರು 31 ಲಕ್ಷ 70 ಸಾವಿರ ಆಗುತ್ತದೆ. ಅವರ ಮುಖ ಅರಳಿತು. ಆದರೆ ಕಟ್ಟುವ ಖರ್ಚು ವರ್ಷಕ್ಕೆ ಶೇ. 6ರಂತೆ ಏರಿದರೆ ಅದೇ ಮನೆಗೆ ಅಷ್ಟು ಹೊತ್ತಿಗೆ 72 ಲಕ್ಷ ಬೇಕು. ಬೆಲೆ ಏರಿಕೆಯನ್ನು ಲೆಕ್ಕಕ್ಕೆ ಹಿಡಿಯದೆ ಇಟ್ಟ ಗುರಿಗೆಲ್ಲ ಇದೇ ಗತಿ.

"ಸರಿ, ಆ ಮನೆಯಲ್ಲಿ ಯಾರಿರ್ತಾರೆ ಮಾರಾಯ್ರೆ?" ಎಂದೆ. ಅವರು ಸುಮ್ಮನಾದರು. ಅಷ್ಟು ಹೊತ್ತು ಬಾಗಿಲ ಬಳಿ ಕೂತು ಸೊಪ್ಪು ಬಿಡಿಸುತ್ತಿದ್ದ ಅವರ ಹೆಂಡತಿ ಉತ್ತರ ಕೊಟ್ಟರು: "ಬೀಗ ಇರ್ತದೆ."

ಆ ಹೆಂಗಸಿನ ಆಸೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಮುಂಬಯಿಯಲ್ಲಿ ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಮುಗಿಯುತ್ತಿದ್ದ ಹಾಗೆ ಬಾಡಿಗೆ ಏರುತ್ತದೆ, ಇಲ್ಲವೇ ಪಾತ್ರೆ-ಪಡಗ ಕಟ್ಟಿಕೊಂಡು ಇನ್ನೊಂದು ಗಲ್ಲಿಗೆ ಹೋಗಬೇಕು. 'ಖಾಲಿ ಮಾಡಿ' ಎಂದು ಯಾರೂ ಹೇಳದ ಒಂದು ಅಡುಗೆಮನೆ ಅವರಿಗೆ ಬೇಕಿತ್ತು. ಗಂಡನಿಗೆ ಬೇಕಾಗಿದ್ದದ್ದು ಪಾಲಾಗುವಾಗ ಅಪ್ಪನಿಗಾದ ಅವಮಾನಕ್ಕೆ ಒಂದು ಉತ್ತರ. ಎರಡೂ ನ್ಯಾಯವೇ. ಕೊನೆಗೆ ಊರಿನ ಹಳೆಯ ಹೆಂಚಿನ ಮನೆಗೆ ಮಾಡು ಬದಲಾಯಿಸಿ, ಒಳಗೇ ಬಚ್ಚಲು, ಕಕ್ಕಸು ಮಾಡಿಸಲು 6 ಲಕ್ಷದ ಒಂದು ಗುರಿ, ಬದ್ಲಾಪುರದ ಕಡೆ ಸಣ್ಣ ಫ್ಲ್ಯಾಟಿನ ಮುಂಗಡಕ್ಕೆ ಇನ್ನೊಂದು ಗುರಿ ಎಂದು ಮಾಡಿದೆವು. ಊರಿನವರ ಮುಂದೆ ತಲೆ ಎತ್ತಬೇಕೆಂಬ ಆಸೆಯೊಂದನ್ನೇ ನೆಚ್ಚಿಕೊಂಡಿದ್ದರೆ ಸಂಸಾರದ ಅರ್ಧ ಆಯುಷ್ಯ ಬೀಗಕ್ಕೆ ಹೋಗುತ್ತಿತ್ತು.

ಭಾವನೆಯೇ ಇಲ್ಲದಿದ್ದರೆ?

ಭಾವನೆ ಇಲ್ಲದ ಮನುಷ್ಯ ಚೊಕ್ಕ ಲೆಕ್ಕಾಚಾರಸ್ಥ ಆಗುತ್ತಾನೆ ಎಂದುಕೊಂಡರೆ ತಪ್ಪು. ನರವಿಜ್ಞಾನಿ ಆಂಟೋನಿಯೊ ದಮಾಸಿಯೊ 1994ರ ತಮ್ಮ ಪುಸ್ತಕದಲ್ಲಿ ಎಲಿಯಟ್ ಎಂದು ಕರೆದ ಒಬ್ಬ ರೋಗಿಯ ವಿಷಯ ಬರೆದಿದ್ದಾರೆ. ಮೆದುಳಿನ ಗಡ್ಡೆ ತೆಗೆಯುವಾಗ ಹಣೆಯ ಹಿಂದಿನ ಭಾಗಕ್ಕೆ ಪೆಟ್ಟಾಗಿತ್ತು. ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಆತ ಚೆನ್ನಾಗಿಯೇ ಉತ್ತರಿಸುತ್ತಿದ್ದ. ಆದರೆ ಸುಖ, ದುಃಖ, ಅಳುಕು ಯಾವುದೂ ತಟ್ಟುತ್ತಿರಲಿಲ್ಲ. ಅಂಥವನು ಕೆಲಸ ಕಳೆದುಕೊಂಡ, ಸರಿಯಿಲ್ಲದವನ ಜತೆ ವ್ಯಾಪಾರಕ್ಕಿಳಿದು ಉಳಿತಾಯವನ್ನೆಲ್ಲ ಮುಳುಗಿಸಿದ, ಸಂಸಾರವೂ ಒಡೆಯಿತು. ಯಾವುದು ಮುಖ್ಯ ಎಂದು ಒಳಗಿನಿಂದ ಹೇಳುವುದು ಭಾವನೆ. ಅದು ಮಾತಾಡದಿದ್ದರೆ ತರ್ಕಕ್ಕೆ ದಾರಿ ಗೊತ್ತಾಗುವುದಿಲ್ಲ.

ಇನ್ನೊಂದು ಕಡೆ ಅದೇ ಭಾವನೆ ನಮ್ಮನ್ನು ವಾಲಿಸುತ್ತದೆ. ಡೇನಿಯಲ್ ಕಾನ್ಮನ್ ಮತ್ತು ಅಮೋಸ್ ಟ್ವರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ಒಂದು ಸಿದ್ಧಾಂತ ಮಂಡಿಸಿದರು. ನೂರು ರೂಪಾಯಿ ಸಿಕ್ಕಿದ ಖುಷಿಗಿಂತ ನೂರು ರೂಪಾಯಿ ಕಳೆದುಕೊಂಡ ನೋವು ಹೆಚ್ಚು. ಆಮೇಲಿನ ಅಂದಾಜುಗಳ ಪ್ರಕಾರ ಸುಮಾರು ಎರಡು ಪಟ್ಟು. ಈ ಕೆಲಸಕ್ಕಾಗಿ ಕಾನ್ಮನ್ ಅವರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನಷ್ಟದಲ್ಲಿರುವ ಷೇರನ್ನು ಮಾರದೆ ಹಿಡಿದುಕೊಳ್ಳುವವರು, ಪೇಟೆ ಬಿದ್ದ ದಿನ ಗಾಬರಿಯಲ್ಲಿ ಎಲ್ಲ ಮಾರುವವರು, ಇಬ್ಬರನ್ನೂ ಆಡಿಸುವುದು ಆ ನೋವೇ.

ಹಿರಿಯರು ಕಂಡುಕೊಂಡ ಉಪಾಯ

ನಮ್ಮ ಹಿರಿಯರಿಗೆ ಈ ಸಿದ್ಧಾಂತ ಗೊತ್ತಿರಲಿಲ್ಲ, ಮನುಷ್ಯರ ಸ್ವಭಾವ ಗೊತ್ತಿತ್ತು. ಕನ್ನಡ ಕರಾವಳಿಯಿಂದ ಮುಂಬಯಿಗೆ ಬಂದ ಚಿತ್ರಾಪುರ ಸಾರಸ್ವತರು 1906ರ ಡಿಸೆಂಬರಿನಲ್ಲಿ ಶಾಮರಾವ್ ವಿಠಲ್ ಸಹಕಾರಿ ಬ್ಯಾಂಕ್ ಕಟ್ಟಿದರು. ಮುಂದೆ ನಿಂತವರು ಶ್ರೀಪಾದ ಸುಬ್ರಾವ್ ತಲ್ಮಕಿ, ಹೆಸರಿಟ್ಟದ್ದು ಅವರ ಹಿರಿಯ ಮಾರ್ಗದರ್ಶಕರಾದ ಶಾಮರಾವ್ ವಿಠಲ್ ಕಾಯ್ಕಿಣಿಯವರದು. ಸಮಾಜದ ಬಡವರಿಗೆ ಸಾಲಕ್ಕೊಂದು ಮರ್ಯಾದೆಯ ದಾರಿ ಇರಬೇಕು ಎನ್ನುವುದು ಉದ್ದೇಶ. 1915ರಲ್ಲಿ ಇದೇ ತಲ್ಮಕಿಯವರ ಮುಂದಾಳ್ತನದಲ್ಲಿ ಗಾಮ್‌ದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹ ಸಂಘ ಹುಟ್ಟಿತು. ತಾಡದೇವದ ತಲ್ಮಕಿವಾಡಿ ಇವತ್ತೂ ಅವರ ಹೆಸರು ಹೇಳುತ್ತದೆ. ಆಮೇಲೆ ಮೊಗವೀರರು 1946ರಲ್ಲಿ, ಬಿಲ್ಲವರು 1978ರಲ್ಲಿ ಭಾರತ್ ಬ್ಯಾಂಕ್ ಎಂದು, ಇದೇ ಊರಿನಲ್ಲಿ ತಮ್ಮ ತಮ್ಮ ಸಹಕಾರಿ ಬ್ಯಾಂಕು ಶುರು ಮಾಡಿದರು. ನಮ್ಮವರ ಬ್ಯಾಂಕು, ನಮ್ಮವರ ಮುಂದೆ ತಲೆ ತಗ್ಗಿಸಬಾರದು ಎನ್ನುವ ಭಾವನೆಯೇ ಇವುಗಳ ದೊಡ್ಡ ಜಾಮೀನಾಗಿತ್ತು.

ಪಿಗ್ಮಿಯ ಜಾಣತನ ಇನ್ನೊಂದು ಬಗೆಯದು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಈ ಠೇವಣಿ ತಂದಿತು. ಅದರ ಸ್ಥಾಪಕರಲ್ಲೊಬ್ಬರಾದ ಟಿ.ಎಂ.ಎ. ಪೈಯವರ ಹೆಸರು ಇದರ ಜತೆ ಸೇರಿಕೊಂಡಿದೆ. ದಿನಕ್ಕೆ ಎರಡಾಣೆ, ಏಜೆಂಟನೇ ಬಾಗಿಲಿಗೆ ಬರುತ್ತಾನೆ. ಉಳಿಸಬೇಕೋ ಬೇಡವೋ ಎಂದು ದಿನಾ ತಲೆ ಕೆಡಿಸಿಕೊಳ್ಳುವುದು ಅಲ್ಲಿಗೆ ನಿಂತಿತು. ಎದುರಿಗೆ ನಿಂತವನಿಗೆ 'ಇವತ್ತು ಇಲ್ಲ' ಎನ್ನಲು ಆಗುವ ಚೂರು ಸಂಕೋಚ ಸಾಕಾಯಿತು, ಹಣ ಡಬ್ಬಿಯಿಂದ ಖಾತೆಗೆ ಹೋಯಿತು. ಇವತ್ತಿಗೂ ಪಾನ್ ಅಂಗಡಿಯವರು, ಹೂವಿನವರು ಪಿಗ್ಮಿ ಕಟ್ಟುತ್ತಾರೆ. ಬಡ್ಡಿ ಕಡಿಮೆ ಎಂದು ನಾನು ಹೇಳಿದರೆ, "ಬಡ್ಡಿ ಬೇಡ ಅಕ್ಕ, ದುಡ್ಡು ಉಳೀತದಲ್ಲ" ಎನ್ನುತ್ತಾರೆ. ಆ ಮಾತಿಗೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ.

ಭಿಶಿಯೂ ಹಾಗೆಯೇ. ನಮ್ಮೂರಲ್ಲಿ ಚೀಟಿ ಅನ್ನುವುದಕ್ಕೆ ಇಲ್ಲಿ ಭಿಶಿ. ಹನ್ನೆರಡು ಹೆಂಗಸರು ತಿಂಗಳಿಗೆ 5,000 ಹಾಕಿದರೆ ಪ್ರತಿ ತಿಂಗಳೂ ಒಬ್ಬಳ ಕೈಗೆ 60,000. ಲೆಕ್ಕ ನೋಡಿದರೆ ಬಡ್ಡಿಯಿಲ್ಲದ ವ್ಯವಹಾರ. ಆದರೂ ಮಗನ ಕಾಲೇಜು ಫೀಸಿಗೆ, ಒಂದು ಜೊತೆ ಬಳೆಗೆ ಇದೇ ಒದಗುತ್ತದೆ, ಏಕೆಂದರೆ ಗೆಳತಿಯರ ಮುಂದೆ ಕಂತು ತಪ್ಪಿಸಿ ಮುಖ ತೋರಿಸುವುದು ಹೇಗೆ? ಇದರ ಕೆಟ್ಟ ಮುಖವೂ ಇದೇ ನಾಚಿಕೆಯಲ್ಲಿದೆ. ಭಿಶಿ ನಡೆಸುವವಳು ದುಡ್ಡಿನ ಸಮೇತ ಕಾಣೆಯಾದರೆ, ಎಷ್ಟು ಕಳೆದುಕೊಂಡೆ ಎಂದು ಗಂಡನಿಗೂ ಹೇಳದವರಿದ್ದಾರೆ. ಚಿಟ್ ಫಂಡಿಗೆ 1982ರ ಕಾನೂನು ಇದೆ, ನೋಂದಣಿ ಇರುವ ಚೀಟಿಗೆ ಅದರ ರಕ್ಷೆ ಸಿಗುತ್ತದೆ. ಕಟ್ಟೆಯ ಮೇಲೆ ಕೂತು ನಡೆಸುವ ಭಿಶಿಗೆ ಇರುವುದು ವಿಶ್ವಾಸ ಒಂದೇ. ಹಾಗಾಗಿ, ಹೋದರೂ ಮನೆ ಮುಳುಗದು ಎನ್ನುವಷ್ಟನ್ನು ಮಾತ್ರ ಅಲ್ಲಿ ಹಾಕಿ ಎನ್ನುತ್ತೇನೆ.

ಕಾರಣವಿರುವ ಭಯ, ಕಾರಣವಿಲ್ಲದ ಭಯ

2020ರ ಜನವರಿಯಲ್ಲಿ ಸೆನ್ಸೆಕ್ಸ್ 42,000 ದಾಟಿತ್ತು. ಮಾರ್ಚ್ 23ರಂದು ಒಂದೇ ದಿನ 3,900ಕ್ಕೂ ಹೆಚ್ಚು ಅಂಕ ಕುಸಿದು 26,000ಕ್ಕಿಂತ ಕೆಳಗಿಳಿಯಿತು. ಅದೇ ವರ್ಷದ ಕೊನೆಯ ದಿನ 47,751ರಲ್ಲಿ ನಿಂತಿತು. ಆ ಮಾರ್ಚ್‌ನಲ್ಲಿ ನನಗೆ ಫೋನಿನ ಮೇಲೆ ಫೋನು, ಎಲ್ಲರದೂ ಒಂದೇ ಮಾತು: ಫಂಡಿಗೆ ತಿಂಗಳು ತಿಂಗಳು ಕಟ್ಟುವ ಎಸ್‌ಐಪಿ ನಿಲ್ಲಿಸಿ.

ಭಾಂಡುಪಿನ ಒಬ್ಬ ಹೋಟೆಲಿನವರದು ನಿಲ್ಲಿಸಿದೆ. ಲಾಕ್‌ಡೌನಿನಿಂದ ಹೋಟೆಲು ಮುಚ್ಚಿತ್ತು, ಹುಡುಗರು ಊರಿಗೆ ಹೋಗಿದ್ದರು, ಬಾಡಿಗೆ ಮಾತ್ರ ನಿಂತಿರಲಿಲ್ಲ. ಅವರ ಭಯಕ್ಕೆ ಕಾರಣವಿತ್ತು. ಐರೋಲಿಯ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಕೆಲಸದ ಹುಡುಗನಿಗೆ ಸಂಬಳ ಪೂರ್ತಿ ಬರುತ್ತಿತ್ತು, ಲೋಕಲ್ ಪಾಸಿನ ಖರ್ಚೂ ಉಳಿದಿತ್ತು. ಆ ಹಣ ಅವನಿಗೆ ಬೇಕಾಗಿದ್ದದ್ದು ಹದಿನೈದು ವರ್ಷ ಬಿಟ್ಟು. "ನಿನ್ನ ಗುರಿ ಬದಲಾಯ್ತಾ ಮಗ, ಸಂಬಳ ಕಡಿಮೆ ಆಯ್ತಾ?" ಎಂದು ಕೇಳಿದೆ. ಎರಡಕ್ಕೂ ಇಲ್ಲ ಎಂದ. "ಹಾಗಾದ್ರೆ ಬದಲಾದದ್ದು ಟಿವಿಯ ಬಣ್ಣ ಮಾತ್ರ" ಎಂದೆ. ಅವನು ಮುಂದುವರಿಸಿದ. ಮಾರುಕಟ್ಟೆ ಅಷ್ಟು ಬೇಗ ಎದ್ದು ನಿಲ್ಲುತ್ತದೆಂದು ನನಗೂ ಗೊತ್ತಿರಲಿಲ್ಲ. ನಾನು ಕೇಳಿದ್ದು ಮಾರುಕಟ್ಟೆಯ ಭವಿಷ್ಯವನ್ನಲ್ಲ, ಅವನ ಮನೆಯ ಸ್ಥಿತಿಯನ್ನು. ಭಯ ಬಂದಾಗ ಕೇಳಬೇಕಾದದ್ದೂ ಅದನ್ನೇ.

ಕಾರಣವಿರುವ ಭಯವನ್ನು ಅಲ್ಲಗಳೆಯಬಾರದು. 2019ರ ಸೆಪ್ಟೆಂಬರಿನಲ್ಲಿ ಪಂಜಾಬ್ ಅಂಡ್ ಮಹಾರಾಷ್ಟ್ರ ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ, ಠೇವಣಿದಾರರು ಮೊದಲಿಗೆ ತೆಗೆಯಬಹುದಾಗಿದ್ದದ್ದು 1,000 ರೂಪಾಯಿ ಮಾತ್ರ. ಆಗ ಠೇವಣಿ ವಿಮೆ 1 ಲಕ್ಷದವರೆಗೆ ಇತ್ತು, 2020ರ ಫೆಬ್ರವರಿಯಲ್ಲಿ 5 ಲಕ್ಷಕ್ಕೆ ಏರಿತು. ಒಬ್ಬ ವ್ಯಕ್ತಿಗೆ ಒಂದು ಬ್ಯಾಂಕಿನಲ್ಲಿ ಇರುವ ಮಿತಿ ಅದು, ಬಡ್ಡಿಯೂ ಸೇರಿ. 'ನಮ್ಮವರ ಬ್ಯಾಂಕು' ಎಂಬ ಅಭಿಮಾನವಿರಲಿ, ಆದರೆ ಜೀವಮಾನದ ಗಳಿಕೆಯನ್ನು ಒಂದೇ ಬ್ಯಾಂಕಿನಲ್ಲಿ ಇಡಬೇಡಿ.

ಕಳೆದದ್ದನ್ನು ವಾಪಸ್ ತೆಗೆಯುವ ಹಠ

ಈಗ ಠಾಣೆ ಲೋಕಲಿನಲ್ಲಿ ನಿಂತರೆ ಪಕ್ಕದ ಹುಡುಗನ ಮೊಬೈಲಿನಲ್ಲಿ ಕೆಂಪು-ಹಸಿರು ಪಟ್ಟಿ ಕಾಣುತ್ತದೆ. ಆಪ್ಷನ್ ಟ್ರೇಡಿಂಗ್, ಅಂದರೆ ಷೇರು ಬೆಲೆ ಏರುತ್ತದೋ ಇಳಿಯುತ್ತದೋ ಎನ್ನುವುದರ ಮೇಲಿನ ಪಣ. ಇದರ ಬಗ್ಗೆ ಷೇರು ಪೇಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರಿನಲ್ಲಿ ಕೊಟ್ಟ ಲೆಕ್ಕ ಹೀಗಿದೆ: 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್-ಆಪ್ಷನ್ಸ್ ಆಡಿದ ಒಂದು ಕೋಟಿಗೂ ಹೆಚ್ಚು ಬಿಡಿ ಜನರಲ್ಲಿ ಶೇ. 93 ಮಂದಿ ಕಳೆದುಕೊಂಡರು. ಖರ್ಚು ಸೇರಿ ತಲಾ ನಷ್ಟ ಸರಾಸರಿ 2 ಲಕ್ಷದ ಆಸುಪಾಸು, ಒಟ್ಟು ನಷ್ಟ 1.8 ಲಕ್ಷ ಕೋಟಿಗೂ ಹೆಚ್ಚು. ಕಳೆದುಕೊಂಡವರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜನ ಆಮೇಲೂ ಆಡುತ್ತಲೇ ಇದ್ದರು.

ಆ ಕೊನೆಯ ಅಂಕಿಯನ್ನು ಮತ್ತೊಮ್ಮೆ ಓದಿ. ದುರಾಸೆ ಹುಡುಗರನ್ನು ಅಲ್ಲಿಗೆ ಕರೆದೊಯ್ಯುತ್ತದೆ, ಆದರೆ ಅಲ್ಲೇ ಕೂರಿಸುವುದು ನೋವು. "ಹೋದದ್ದು ವಾಪಸ್ ಬಂದ್ರೆ ಸಾಕು ಆಂಟಿ, ಆಮೇಲೆ ಮುಟ್ಟುದಿಲ್ಲ" ಎಂದು ಹೇಳುವವರನ್ನು ನೋಡಿದ್ದೇನೆ. ಆ ಹೊತ್ತಿಗೆ ಅವರಿಗೆ ಗುರಿ ಎಂಬುದೇ ಉಳಿದಿರುವುದಿಲ್ಲ, ಮೊದಲಿದ್ದ ಜಾಗಕ್ಕೆ ಹಿಂತಿರುಗಿದರೆ ಸಾಕಾಗಿರುತ್ತದೆ. ಮನೆಯವರು ಬೈದರೆ ಹುಡುಗರು ಮುಚ್ಚಿಡುತ್ತಾರೆ; ಮುಚ್ಚಿಟ್ಟ ನಷ್ಟಕ್ಕೆ ಕ್ರೆಡಿಟ್ ಕಾರ್ಡಿನ ಸಾಲ ಸೇರುತ್ತದೆ. ತಿಂಗಳಿಗೆ ಶೇ. 3ಕ್ಕಿಂತ ಮೇಲಿನ ಬಡ್ಡಿ ಅದಕ್ಕೆ. ಮೊದಲು ಮಾಡಬೇಕಾದದ್ದು ಬೈಯದೆ ಕೇಳುವುದು.

ದುಃಖದಲ್ಲಿರುವವರ ಕೈಗೆ ಬಂದ ಹಣ

ವಿಮೆ ಏಜೆಂಟಳಾಗಿ ಸಾವಿನ ಮನೆಗೆ ವಿಮೆಯ ಹಣ ತಲುಪಿಸುವುದೂ ನನ್ನ ಕೆಲಸ. ಗಂಡನನ್ನು ಕಳೆದುಕೊಂಡ ಹೆಂಗಸಿನ ಖಾತೆಗೆ ಹತ್ತಾರು ಲಕ್ಷ ಬಂದ ವಾರದಲ್ಲೇ ಸಲಹೆ ಕೊಡುವವರು ಹತ್ತು ಜನ ಹುಟ್ಟಿಕೊಳ್ಳುತ್ತಾರೆ. ಮೈದುನನಿಗೆ ಅಂಗಡಿ, ಊರಿನ ಸಾಲ, ಹೊಸ ಪಾಲಿಸಿ. ಅಮೆರಿಕದ ಜೆನಿಫರ್ ಲರ್ನರ್ ಮತ್ತು ಜೊತೆಗಾರರ ಪ್ರಯೋಗಗಳಲ್ಲಿ ಒಂದು ವಿಷಯ ಕಂಡಿದೆ: ದುಃಖದಲ್ಲಿರುವವರು ವಸ್ತುವಿಗೆ ಹೆಚ್ಚು ಬೆಲೆ ಕೊಡಲು ತಯಾರಾಗುತ್ತಾರೆ, ನಾಳೆಯ ದೊಡ್ಡ ಮೊತ್ತ ಬಿಟ್ಟು ಇಂದಿನ ಸಣ್ಣ ಮೊತ್ತಕ್ಕೆ ಒಪ್ಪುತ್ತಾರೆ. ನನ್ನ ಪದ್ಧತಿ ಒಂದೇ. ಆ ಹಣವನ್ನು ಆರು ತಿಂಗಳ ಎಫ್‌ಡಿಗೆ ಹಾಕಿಸುತ್ತೇನೆ. ಮೊತ್ತ ದೊಡ್ಡದಾದರೆ ಎರಡು ಬ್ಯಾಂಕಿಗೆ ಹಂಚುತ್ತೇನೆ. ಯಾರಾದರೂ ಕೇಳಿದರೆ "ಎಫ್‌ಡಿಯಲ್ಲಿ ಕಟ್ಟಿಬಿಟ್ಟಿದೆ" ಎನ್ನಲು ಅವರಿಗೊಂದು ನೆವ ಸಿಗುತ್ತದೆ. ನನ್ನ ಫಂಡಿಗೂ ಆ ಆರು ತಿಂಗಳು ಬಾಗಿಲು ಮುಚ್ಚಿರುತ್ತದೆ.

ರೀಡೆವಲಪ್‌ಮೆಂಟಿನ ಹಣವೂ ಹೀಗೆಯೇ ಮನಸ್ಸು ಕಲಕುತ್ತದೆ. ಹಳೆಯ ಕಟ್ಟಡ ಬೀಳುತ್ತದೆ, ಬಿಲ್ಡರ್ ಬಾಡಿಗೆ ಹಣ ಕೊಡುತ್ತಾನೆ, ಕಾರ್ಪಸ್ ಎಂದು ಒಂದು ಮೊತ್ತವೂ ಬರುತ್ತದೆ. ಮಕ್ಕಳು ಹುಟ್ಟಿದ ಮನೆ ಹೋದ ಸಂಕಟ ಒಂದು ಕಡೆ, ಕೈತುಂಬ ಹಣ ಇನ್ನೊಂದು ಕಡೆ. ಆ ಸಂಕಟಕ್ಕೆ ಸಮಾಧಾನವಾಗಿ ಕಾರು ಬರುತ್ತದೆ. ಹೊಸ ಕಟ್ಟಡದಲ್ಲಿ ಲಿಫ್ಟು, ಕಾವಲು, ಪಾರ್ಕಿಂಗ್ ಎಂದು ಮೆಂಟೆನೆನ್ಸ್ ಮೊದಲಿಗಿಂತ ಬಹಳ ಹೆಚ್ಚು. ಕಾರ್ಪಸ್ ಇರುವುದು ಆ ಭಾರ ಹೊರಲಿಕ್ಕೆ ಎನ್ನುವುದು ಕಾರು ಬಂದ ಮೇಲೆ ನೆನಪಾಗುತ್ತದೆ.

ಹಾಗಾದರೆ ಏನು ಮಾಡುವುದು?

ದಿಲೀಪ್ ಸೋಮನ್ ಮತ್ತು ಅಮರ್ ಚೀಮಾ ಎಂಬ ಸಂಶೋಧಕರು ನಮ್ಮ ದೇಶದ್ದೇ ಒಂದು ಗ್ರಾಮೀಣ ಪ್ರದೇಶದಲ್ಲಿ ಕಟ್ಟಡ ಕೂಲಿಗಳ ಜತೆ ಮಾಡಿದ ಪ್ರಯೋಗ 2011ರಲ್ಲಿ ಪ್ರಕಟವಾಯಿತು. ಕೂಲಿಯ ಒಂದು ಪಾಲನ್ನು ಉಳಿತಾಯವೆಂದು ಲಕೋಟೆಯಲ್ಲಿ ಅಂಟಿಸಿ ಕೊಟ್ಟರು. ಲಕೋಟೆಯ ಮೇಲೆ ಅವರ ಮಕ್ಕಳ ಚಿತ್ರವಿದ್ದಾಗ ಉಳಿತಾಯ ಹೆಚ್ಚಾಯಿತು. ಅಷ್ಟೇ ಹಣವನ್ನು ಒಂದರ ಬದಲು ಎರಡು ಲಕೋಟೆಗಳಲ್ಲಿ ಹಾಕಿದಾಗಲೂ ಹೆಚ್ಚಾಯಿತು. ಮಗುವಿನ ಮುಖ ನೋಡಿಕೊಂಡು ಲಕೋಟೆ ಹರಿಯುವುದು ಯಾರಿಗಾದರೂ ಕಷ್ಟ. ಭಾವನೆಯನ್ನು ಕೆಲಸಕ್ಕೆ ಹಚ್ಚುವುದೆಂದರೆ ಇದು. ಪ್ರತಿ ಗುರಿಗೂ ಬೇರೆ ಖಾತೆ ಇರಲಿ, ಅದಕ್ಕೆ ಮನೆಯವರು ಕರೆಯುವ ಹೆಸರೇ ಇರಲಿ. ಮೊಬೈಲಿನ ಮೇಲೆ ಚಿತ್ರವೂ ಇರಲಿ.

ಸಂಬಳ ಬಂದ ಮರುದಿನವೇ ಹಣ ತಾನಾಗಿ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಡಿ. ಇದು ನಿಮ್ಮ ಪಿಗ್ಮಿ ಏಜೆಂಟ್. ಸಂಬಳ ಏರಿದ ತಿಂಗಳೇ ಕಂತನ್ನೂ ಏರಿಸಿ. ಮುಂದೆ ಸಂಬಳ ಏರಿದಾಗ ಉಳಿತಾಯ ಏರಿಸುತ್ತೇವೆ ಎಂದು ಮೊದಲೇ ಒಪ್ಪಿಕೊಂಡ ಅಮೆರಿಕದ ಒಂದು ಕಂಪನಿಯ ನೌಕರರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇ. 3.5ರಿಂದ 13.6ಕ್ಕೆ ಹೋಯಿತು ಎಂದು ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ 2004ರಲ್ಲಿ ತೋರಿಸಿದ್ದಾರೆ. ಇನ್ನೂ ಕೈಗೆ ಬಾರದ ಹಣವನ್ನು ಬಿಟ್ಟುಕೊಡುವಾಗ ನೋವಾಗುವುದಿಲ್ಲ.

ಊರಿಗೂ ಒಂದು ಖಾತೆ ಮಾಡಿ. ಬ್ರಹ್ಮಕಲಶ, ನೇಮ, ಅಣ್ಣನ ಮಗಳ ಮದುವೆ, ಇವೆಲ್ಲ ಬರುವುದೇ. ಮುಂಬಯಿಯವನೆಂದರೆ ಊರಲ್ಲಿ ದೊಡ್ಡ ಕೈ ಎಂದು ಲೆಕ್ಕ. ಆ ಖಾತೆಯಲ್ಲಿ ಇದ್ದಷ್ಟು ಕೈ ಬಿಚ್ಚಿ ಕೊಡಿ, ಬೇಸರವಿಲ್ಲದೆ ಕೊಡಿ. ಅದು ಮುಗಿದರೆ ಆ ವರ್ಷಕ್ಕೆ ಮುಗಿಯಿತು. ರಸೀದಿಯಲ್ಲಿ ಹೆಸರು ಬರಲೆಂದು ಸಾಲ ಮಾಡಿದರೆ ದೇವರೂ ಮೆಚ್ಚಲಿಕ್ಕಿಲ್ಲ.

ಈ ಭಾನುವಾರ ಗಂಡ, ಹೆಂಡತಿ, ತಿಳಿವಳಿಕೆ ಬಂದ ಮಕ್ಕಳು ಒಟ್ಟಿಗೆ ಕೂತು, ನಮಗೆ ದುಡ್ಡು ಯಾಕೆ ಬೇಕು ಎಂದು ಒಬ್ಬೊಬ್ಬರೂ ಹೇಳಿ. ಅಡುಗೆಮನೆಯಲ್ಲಿರುವವರ ಮಾತನ್ನು ಮೊದಲು ಕೇಳಿ. ಒಂದು ಹಾಳೆಯಲ್ಲಿ ಕಾರಣ ಸಮೇತ ಬರೆಯಿರಿ, ತಾರೀಖು ಹಾಕಿ, ಸೋಮವಾರ ಬ್ಯಾಂಕಿಗೆ ಹೋಗಿ ಸೂಚನೆ ಕೊಟ್ಟು ಬನ್ನಿ. ನನ್ನಂಥ ಏಜೆಂಟರನ್ನು ಕರೆಯುವುದು ಅದಾದ ಮೇಲೆ.